ವಂತಿಗೆಯಿಂದ ಬ್ಯಾಂಕ್ ಸಾಲದ ವರೆಗೆ

ವೃತ್ತಿಶಿಕ್ಷಣದ ಪ್ರವೇಶದ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಕೇಳಿ ಬರುವ ಮೊದಲ ಪ್ರಶ್ನೆ ಯಾವ ವಿಷಯ, ಯಾವ ಊರು ಎಂಬುದಲ್ಲ. 'ಸರಕಾರಿಯೋ, ಪ್ರೈವೇಟೋ?' ಎಂಬುದು. ಉತ್ತರ ಸರಕಾರಿ ಎಂದಾದರೆ ಮನೆಯವರು ಹಾಸ್ಟೆಲ್, ಪುಸ್ತಕ, ಬಸ್ ಪಾಸಿನ ಲೆಕ್ಕ ಹಾಕಲು ಕೂರುತ್ತಾರೆ. ಪ್ರೈವೇಟ್ ಎಂದಾದರೆ ತಾಯಿಯ ಬಳೆ, ಅಜ್ಜನ ಹೆಸರಿನಲ್ಲೇ ಉಳಿದಿರುವ ಜಾಗದ ಪಹಣಿ ಪತ್ರ ಮತ್ತು ಬ್ಯಾಂಕ್ ಮ್ಯಾನೇಜರರ ಪರಿಚಯವಿರುವ ಒಬ್ಬ ಸಂಬಂಧಿಕ, ಇವು ಮೂರೂ ಹುಡುಕಾಟಕ್ಕೆ ಒಳಗಾಗುತ್ತವೆ. ಇಬ್ಬರು ಮಕ್ಕಳು ಬರೆದದ್ದು ಒಂದೇ ಪ್ರವೇಶ ಪರೀಕ್ಷೆ. ನಾಲ್ಕೈದು ವರ್ಷಗಳ ಬಳಿಕ ಅವರ ಕೈಗೆ ಬರುವ ಪದವಿಯ ಹೆಸರೂ ಒಂದೇ. ಆದರೆ ಒಬ್ಬನಿಗೆ ಸಮಾಜದ ನೆರವು ಸೀಟಿನ ಜೊತೆಗೇ ಬಂದಿರುತ್ತದೆ. ಇನ್ನೊಬ್ಬನಿಗೆ ಅದೇ ನೆರವು ಅವನ ಹೆಸರಿನ ಸಾಲವಾಗಿ ಬ್ಯಾಂಕಿನ ಲೆಡ್ಜರಿನಲ್ಲಿ ಕೂತಿರುತ್ತದೆ.

ಈ ವ್ಯತ್ಯಾಸ ತಾನಾಗಿ ಹುಟ್ಟಿದ್ದಲ್ಲ. ಅದಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯ ಮುಖ್ಯ ಘಟ್ಟಗಳಲ್ಲಿ ಹೆಚ್ಚಿನವು ನಡೆದದ್ದು ಕರ್ನಾಟಕದಲ್ಲಿ, ಅದರಲ್ಲೂ ಗಣನೀಯ ಪಾಲು ನಮ್ಮ ಕರಾವಳಿಯಲ್ಲಿ ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಹಳೆಯ ಮೈಸೂರು ಸಂಸ್ಥಾನದಿಂದ ಆರಂಭಿಸೋಣ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರಕಾರ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಮಿಲ್ಲರ್ ಸಮಿತಿ ಎಂದರೆ ನಮಗೆಲ್ಲ ನೆನಪಾಗುವುದು ಸರಕಾರಿ ನೌಕರಿಯ ಮೀಸಲಾತಿ. ಆದರೆ ಬ್ರಾಹ್ಮಣೇತರ ಸಮುದಾಯಗಳ ಮಕ್ಕಳಿಗೆ ವಿದ್ಯಾರ್ಥಿ ವೇತನ ಮತ್ತು ವಸತಿ ಸೌಕರ್ಯ ಒದಗಿಸಬೇಕೆಂಬ ವಿಚಾರವೂ ಅದರ ಶಿಫಾರಸುಗಳಲ್ಲಿತ್ತು; ಆ ಹಿಂದುಳಿದ ಸಮುದಾಯಗಳಲ್ಲಿ ಮುಸ್ಲಿಮರೂ ಸೇರಿದ್ದರು. ಸೀಟು ಬೇರೆ, ಸೀಟಿನಲ್ಲಿ ಕೂತು ಓದು ಮುಗಿಸುವ ಶಕ್ತಿ ಬೇರೆ ಎಂಬುದು ಆಗಲೇ ಗೊತ್ತಿದ್ದ ವಿಷಯ. ಬೆಂಗಳೂರು, ಮೈಸೂರು, ತುಮಕೂರುಗಳಲ್ಲಿ ಜಾತಿ-ಸಮುದಾಯಗಳ ಹೆಸರಿನಲ್ಲಿ ಎದ್ದ ಹಾಸ್ಟೆಲುಗಳು, ಮಠಗಳ ಉಚಿತ ಪ್ರಸಾದ ನಿಲಯಗಳು ಇದೇ ಕೊರತೆಯನ್ನು ತುಂಬಲು ಹುಟ್ಟಿದವು. ಅಲ್ಲಿ ಉಂಡು ಓದಿದವನ ಮೇಲೆ ಋಣವಿತ್ತು, ಸಾಲವಿರಲಿಲ್ಲ. ಋಣಕ್ಕೆ ಮಾಸಿಕ ಕಂತಿಲ್ಲ. ಅದು ಮುಂದೆ ಇನ್ನೊಬ್ಬ ಹುಡುಗನ ಊಟವಾಗಿ ತೀರುತ್ತಿತ್ತು.

1944ರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನ ಆರಂಭವಾದಾಗ ಡಾ. ಅಂಬೇಡ್ಕರ್ ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು. ಬರೋಡಾ ಸಂಸ್ಥಾನದ ವಿದ್ಯಾರ್ಥಿ ವೇತನದಲ್ಲಿ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದವರು ಅವರು. ಅದಕ್ಕಾಗಿ ಹಿಂದಿರುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವ ಕರಾರಿಗೆ ಅವರು ಸಹಿ ಹಾಕಬೇಕಾಗಿತ್ತು. ಕರಾರಿನಂತೆ ಬರೋಡಾಕ್ಕೆ ನೌಕರಿಗೆ ಹೋದಾಗ ಅಸ್ಪೃಶ್ಯನೆಂಬ ಕಾರಣಕ್ಕೆ ಉಳಿಯಲು ಮನೆಯೂ ಸಿಗದೆ ಅವರು ಮರಳಿದ ಕತೆ ನಮ್ಮ ಓದುಗರಿಗೆ ತಿಳಿದದ್ದೇ. ಶರತ್ತಿನ ನೆರವು ಬಡವನನ್ನು ಎಲ್ಲಿ ತಂದು ನಿಲ್ಲಿಸುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಕರಾವಳಿಯ ದಾರಿ ಮೈಸೂರಿನದಲ್ಲ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತದ ಒಂದು ಮೂಲೆ. ಅರಮನೆ ದೂರ, ಸರಕಾರವೂ ದೂರ. ಬೇಕಾದದ್ದನ್ನು ತಾವೇ ಕಟ್ಟಿಕೊಳ್ಳುವ ಅಭ್ಯಾಸ ಇಲ್ಲಿನವರಿಗೆ ಅದರಿಂದಲೇ ಬಂದಿರಬೇಕು. 1906ರ ಮಾರ್ಚ್‌ನಲ್ಲಿ ಉಡುಪಿಯ ಹಾಜಿ ಅಬ್ದುಲ್ಲಾ ಹಾಜಿ ಖಾಸಿಮ್ ಸಾಹೇಬ್ ಬಹಾದ್ದೂರ್ ಅವರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಸ್ಥಾಪಿಸಿದರು. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆದದ್ದು ಅದೇ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನು ಆರಂಭಿಸಿದರು; ಅದಕ್ಕೆ ಮೊದಲೇ ಅವರು ಮಂಗಳೂರಿನಲ್ಲಿ ಕೆನರಾ ಶಾಲೆಯನ್ನು ತೆರೆದಿದ್ದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಸಿಂಡಿಕೇಟ್‌ನ ಪಿಗ್ಮಿ ಠೇವಣಿ 1928ರದು. ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಿಂದ ಹಣ ಸಂಗ್ರಹಿಸುತ್ತಿದ್ದರು. ನೇಕಾರನ, ಮೀನು ಮಾರುವವಳ ಎರಡಾಣೆಯಿಂದ ಬ್ಯಾಂಕ್ ಬೆಳೆಯಿತು. ಇಲ್ಲಿ ಬ್ಯಾಂಕು ಕಟ್ಟಿದ ಕೈಗಳೇ ಶಾಲೆ-ಕಾಲೇಜು ಕಟ್ಟಿದ್ದನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಎರಡು ವ್ಯವಹಾರಗಳು ಎಪ್ಪತ್ತು-ಎಂಬತ್ತು ವರ್ಷಗಳ ಬಳಿಕ ಮತ್ತೊಮ್ಮೆ ಒಂದನ್ನೊಂದು ಸಂಧಿಸಲಿವೆ.

ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರಾದ ಡಾ. ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. ಆಗ ಮಣಿಪಾಲ ಎಂದರೆ ಬೋಳು ಗುಡ್ಡ. ಸರಕಾರದ ಅನುದಾನವಿಲ್ಲದೆ ವೈದ್ಯಕೀಯ ಕಾಲೇಜು ನಡೆಸಬಹುದು ಎಂದು ದೇಶದಲ್ಲಿ ಯಾರೂ ನಂಬುತ್ತಿರಲಿಲ್ಲ. ವಿದ್ಯಾರ್ಥಿಗಳ ಕುಟುಂಬಗಳಿಂದಲೇ ವಂತಿಗೆ ಪಡೆದು ಬಂಡವಾಳ ಹೊಂದಿಸಿಕೊಳ್ಳುವುದು ಅವರು ಕಂಡುಕೊಂಡ ದಾರಿ. ಪಿಗ್ಮಿಯ ತತ್ತ್ವವೇ ಇಲ್ಲೂ ಕೆಲಸ ಮಾಡಿತು ಎನ್ನಬಹುದು: ಹಲವರಿಂದ ಸ್ವಲ್ಪ ಸ್ವಲ್ಪ ಸೇರಿಸಿ ಒಂದು ದೊಡ್ಡದನ್ನು ಕಟ್ಟುವುದು. ವ್ಯತ್ಯಾಸವೊಂದೇ, ಪಿಗ್ಮಿಯಲ್ಲಿ ಕೊಟ್ಟ ಹಣ ಬಡ್ಡಿ ಸಹಿತ ಮರಳುತ್ತಿತ್ತು.

ಆ ಕಾಲೇಜು ಪೂರ್ಣ ಅರ್ಥದಲ್ಲಿ 'ಖಾಸಗಿ' ಆಗಿತ್ತೇ ಎಂಬುದೂ ಯೋಚಿಸಬೇಕಾದ ವಿಷಯ. ವೈದ್ಯ ವಿದ್ಯಾರ್ಥಿಗೆ ರೋಗಿಗಳು ಬೇಕು. ಮಣಿಪಾಲದ ವಿದ್ಯಾರ್ಥಿಗಳು ಚಿಕಿತ್ಸೆಯ ಪಾಠ ಕಲಿತದ್ದು ಮಂಗಳೂರಿನ ಸರಕಾರಿ ವೆನ್ಲಾಕ್ ಮತ್ತು ಲೇಡಿಗೋಶನ್ ಆಸ್ಪತ್ರೆಗಳಲ್ಲಿ. ಅಲ್ಲಿ ಹಾಸಿಗೆ ಹಿಡಿದಿದ್ದವರು ಬೀಡಿ ಕಟ್ಟುವವರು, ಹಂಚಿನ ಕಾರ್ಖಾನೆಯವರು, ಗೇಣಿ ಒಕ್ಕಲುಗಳು. ಬಡವರ ಕಾಯಿಲೆ, ಸರಕಾರದ ಹಾಸಿಗೆ, ಪೋಷಕರ ವಂತಿಗೆ - ಮೂರೂ ಸೇರಿ ಒಬ್ಬ ವೈದ್ಯ ತಯಾರಾಗುತ್ತಿದ್ದ. ಖಾಸಗಿ ಕಾಲೇಜಿನ ಶುಲ್ಕದ ಚರ್ಚೆ ಬಂದಾಗಲೆಲ್ಲ 'ನಮ್ಮ ಹಣ, ನಮ್ಮ ಸಂಸ್ಥೆ' ಎಂಬ ಮಾತು ಕೇಳಿ ಬರುತ್ತದೆ. ಈ ಹಾಸಿಗೆಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಹಾಗಂತ ಡಾ. ಪೈ ಅವರ ಸಾಧನೆಯನ್ನು ಕಡಿಮೆ ಮಾಡುವ ಉದ್ದೇಶ ನಮಗಿಲ್ಲ. 1961ರಲ್ಲಿ ಬಳ್ಳಾರಿಯದು ಸೇರಿದ ಮೇಲೂ ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿ ಎಂದು ರಾಜ್ಯದಲ್ಲಿದ್ದುದು ನಾಲ್ಕು ಸರಕಾರಿ ವೈದ್ಯಕೀಯ ಕಾಲೇಜುಗಳು ಮಾತ್ರ. ಆ ಬಳಿಕ ಸರಕಾರ ಹೊಸ ಕಾಲೇಜುಗಳ ಸಾಲು ತೆರೆದದ್ದು 2005ರ ಸುಮಾರಿಗೆ: ಮಂಡ್ಯ, ಹಾಸನ, ಬೆಳಗಾವಿ, ಬೀದರ್, ರಾಯಚೂರು, ಶಿವಮೊಗ್ಗ. ಸರಿಸುಮಾರು ನಾಲ್ಕು ದಶಕಗಳ ಈ ನಿದ್ದೆಯ ಕಾಲದಲ್ಲಿ ಬೆಳಗಾವಿ, ಗುಲ್ಬರ್ಗ, ದಾವಣಗೆರೆಗಳಿಂದ ಹಿಡಿದು ಊರೂರುಗಳಲ್ಲಿ ಖಾಸಗಿ ಕಾಲೇಜುಗಳು ಎದ್ದವು. ದಕ್ಷಿಣ ಕನ್ನಡ ಜಿಲ್ಲೆಯನ್ನೇ ನೋಡಿ. ಖಾಸಗಿ ವೈದ್ಯಕೀಯ ಕಾಲೇಜುಗಳ ಸಂಖ್ಯೆ ಅರ್ಧ ಡಜನ್ ದಾಟಿದ ಈ ಜಿಲ್ಲೆಯಲ್ಲಿ 2024ರ ವರೆಗೂ ಒಂದು ಸರಕಾರಿ ವೈದ್ಯಕೀಯ ಕಾಲೇಜು ಇರಲಿಲ್ಲ.

ಮುಸ್ಲಿಮರೂ ಈ ಕಾಲದಲ್ಲೇ ಎಚ್ಚೆತ್ತುಕೊಂಡರು. 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1984ರಲ್ಲಿ ಬಿಜಾಪುರದಲ್ಲಿ ಅದರ ವೈದ್ಯಕೀಯ ಕಾಲೇಜು ಬಂತು. ಸಮುದಾಯಕ್ಕೊಂದು ಕಾಲೇಜು ಎಂಬ ಹೆಮ್ಮೆ ನ್ಯಾಯವಾದದ್ದೇ. ಆದರೆ ಕಾಲೇಜು ಸಮುದಾಯದ್ದಾದ ಮಾತ್ರಕ್ಕೆ ಶುಲ್ಕ ಸಮುದಾಯದ ಬಡವನ ಕೈಗೆಟುಕುವುದಿಲ್ಲ ಎಂಬ ಪಾಠವನ್ನು ಲಿಂಗಾಯತರು, ಒಕ್ಕಲಿಗರು, ಕ್ರೈಸ್ತರು, ಮುಸ್ಲಿಮರು ಎಲ್ಲರೂ ಕಲಿಯಬೇಕಾಯಿತು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ವಂತಿಗೆ ಎಂಬ ಮರ್ಯಾದೆಯ ಶಬ್ದ ಹೋಗಿ 'ಡೊನೇಶನ್' ಎಂಬುದು ಮನೆಮಾತಾಯಿತು. ಭಾಷೆಯ ಅಣಕ ನೋಡಿ. ದಾನ ಕೊಟ್ಟವನು ತಲೆಯೆತ್ತಿ ನಡೆಯಬೇಕು, ಪಡೆದವನು ಕೈ ಮುಗಿಯಬೇಕು. ಇಲ್ಲಿ ದಾನ ಕೊಟ್ಟ ತಂದೆ ಆಡಳಿತ ಮಂಡಳಿಯ ಕೋಣೆಯ ಹೊರಗೆ ಕಾಯುತ್ತಿದ್ದ. ರಶೀದಿ ಇಲ್ಲದ ಈ ಹಣಕ್ಕಾಗಿ ಎಷ್ಟು ಎಕರೆ ತೋಟ ಮಾರಾಟವಾಯಿತು, ಎಷ್ಟು ಚಿನ್ನ ಅಡವು ಬಿತ್ತು, ಗಲ್ಫ್‌ನಲ್ಲಿದ್ದ ಎಷ್ಟು ಮಂದಿ ಅಣ್ಣಂದಿರು ತಮ್ಮನ ಸೀಟಿಗಾಗಿ ಊರಿಗೆ ಬರುವುದನ್ನು ಮುಂದೂಡಿದರು ಎಂಬುದು ಯಾವ ಸಮೀಕ್ಷೆಯಲ್ಲೂ ಸಿಗದು. ನಮ್ಮ ನಾಡಿನ ವಿದ್ಯಾರ್ಥಿ ಸಾಲದ ಮೊದಲ ಅಧ್ಯಾಯ ಹೀಗೆ ದಾಖಲೆಯೇ ಇಲ್ಲದ ಅಧ್ಯಾಯ.

1984ರಲ್ಲಿ ಕರ್ನಾಟಕ ಸರಕಾರ ವಂತಿಗೆ ನಿಷೇಧ ಕಾಯ್ದೆಯನ್ನು ತಂದಿತು. ಆದರೆ ಅದೇ ಕಾಯ್ದೆಯಡಿ ಬೇರೆ ಬೇರೆ ವರ್ಗದ ವಿದ್ಯಾರ್ಥಿಗಳಿಗೆ ಬೇರೆ ಬೇರೆ ಶುಲ್ಕ ನಿಗದಿ ಮಾಡುವ ಅಧಿಕಾರ ಸರಕಾರಕ್ಕಿತ್ತು. 1989ರ ಜೂನ್‌ನ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000 ಮತ್ತು ಹೊರರಾಜ್ಯದವರಿಗೆ 60,000. ಒಂದೇ ಬೆಂಚಿನಲ್ಲಿ ಕೂತ ಮೂವರಿಗೆ ಮೂರು ದರ. ತುಮಕೂರಿನ ಖಾಸಗಿ ಕಾಲೇಜೊಂದರಲ್ಲಿ ಎಂಬಿಬಿಎಸ್ ಸೇರಬಯಸಿದ ಮೀರತ್‌ನ ವಿದ್ಯಾರ್ಥಿನಿಯೊಬ್ಬಳು ಈ 60,000ವನ್ನು ಪ್ರಶ್ನಿಸಿ ಸುಪ್ರೀಮ್ ಕೋರ್ಟಿಗೆ ಹೋದಳು. ಅದೇ 1992ರ ಮೋಹಿನಿ ಜೈನ್ ತೀರ್ಪು. ಶಿಕ್ಷಣದ ಹಕ್ಕು ಜೀವಿಸುವ ಹಕ್ಕಿನಿಂದಲೇ ಹೊಮ್ಮುತ್ತದೆ, ಹೆಚ್ಚುವರಿ ಶುಲ್ಕವೆಂಬುದು ವೇಷ ಮರೆಸಿದ ವಂತಿಗೆಯೇ ಎಂದು ನ್ಯಾಯಾಲಯ ಹೇಳಿತು.

ಮರು ವರ್ಷ, 1993ರ ಫೆಬ್ರವರಿಯಲ್ಲಿ, ಐವರು ನ್ಯಾಯಾಧೀಶರ ಪೀಠ ಉನ್ನಿಕೃಷ್ಣನ್ ಪ್ರಕರಣದಲ್ಲಿ ಒಂದು ಹೊಸ ವ್ಯವಸ್ಥೆಯನ್ನೇ ರೂಪಿಸಿತು. ಖಾಸಗಿ ವೃತ್ತಿ ಕಾಲೇಜುಗಳ ಅರ್ಧ ಸೀಟುಗಳು 'ಫ್ರೀ ಸೀಟು', ಅವಕ್ಕೆ ಸರಕಾರಿ ಕಾಲೇಜಿನ ಶುಲ್ಕ. ಉಳಿದರ್ಧ 'ಪೇಮೆಂಟ್ ಸೀಟು'. ಎರಡಕ್ಕೂ ಅರ್ಹತೆಯೇ ಆಧಾರ. ಕರ್ನಾಟಕದಲ್ಲಿ 1994ರಿಂದ ಸಿಇಟಿ ಬಂದದ್ದು ಈ ಹಿನ್ನೆಲೆಯಲ್ಲಿ. ನಾವು ಈ ಏರ್ಪಾಡಿನ ಬಳಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಖಾಸಗಿ ಕಾಲೇಜಿನಲ್ಲಿ ಓದುವ ಬಡ ವಿದ್ಯಾರ್ಥಿಗೆ ಸಾಲದ ರೂಪದಲ್ಲಲ್ಲದೆ ಸೀಟಿನ ರೂಪದಲ್ಲೇ ನೆರವು ದೊರೆತ ಕಾಲ ಇದೊಂದೇ. ಸಿಇಟಿ ರ‍್ಯಾಂಕ್ ಹಿಡಿದು ಬೆಂಗಳೂರಿನ ಕೌನ್ಸೆಲಿಂಗ್ ಸಭಾಂಗಣದಲ್ಲಿ ಸಾಲಾಗಿ ನಿಂತ ಆ ಕಾಲದ ಎಷ್ಟೋ ಮಂದಿ ಮನೆಯಲ್ಲಿ ಮೊದಲ ಬಾರಿ ಪದವಿ ಕಾಣುವವರಾಗಿದ್ದರು. ಅವರಲ್ಲಿ ಬೀಡಿ ಕಾರ್ಮಿಕರ ಮಕ್ಕಳೂ ಇದ್ದರು. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆಯ ಫಲವಾಗಿ ಆ ಮಕ್ಕಳಿಗೆ ಪ್ರತ್ಯೇಕ ವಿದ್ಯಾರ್ಥಿ ವೇತನವೂ ಇತ್ತು. ಬೀಡಿಯ ಮೇಲೆ ಹಾಕಿದ ಸಣ್ಣ ಸೆಸ್‌ನಿಂದ ಬೀಡಿ ಕಟ್ಟುವ ತಾಯಿಯ ಮಗಳಿಗೆ ಪುಸ್ತಕ ಬರುತ್ತಿತ್ತು. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಆ ಸೆಸ್ ರದ್ದಾಯಿತು. ವೇತನ ಉಳಿಯಿತಾದರೂ ಅದರ ಸ್ವಂತ ಮೂಲ ಹೋಯಿತು.

ಉನ್ನಿಕೃಷ್ಣನ್ ವ್ಯವಸ್ಥೆಯಲ್ಲಿ ದೋಷವಿರಲಿಲ್ಲ ಎಂದಲ್ಲ. ಫ್ರೀ ಸೀಟಿನ ಹೊರೆಯನ್ನು ಸರಕಾರ ಹೊರಲಿಲ್ಲ. ಪೇಮೆಂಟ್ ಸೀಟಿನವನ ತಂದೆ ಹೊತ್ತ. ನಗರದ ಒಳ್ಳೆಯ ಶಾಲೆ, ದುಬಾರಿ ಕೋಚಿಂಗ್ ಪಡೆದವನೇ ಹೆಚ್ಚು ಅಂಕ ಪಡೆದು ಫ್ರೀ ಸೀಟು ಹಿಡಿದರೆ, ಹಳ್ಳಿಯ ಶಾಲೆಯಲ್ಲಿ ಓದಿ ಹಿಂದೆ ಬಿದ್ದವನು ಜಮೀನು ಮಾರಿ ಪೇಮೆಂಟ್ ಸೀಟಿಗೆ ಹೋಗುತ್ತಾನೆ, ಅಂದರೆ ಬಡವ ಶ್ರೀಮಂತನ ಶುಲ್ಕ ಕಟ್ಟಿದಂತಾಯಿತು ಎಂಬ ವಾದ ಮುಂದೆ ಕೋರ್ಟಿನಲ್ಲೂ ಕೇಳಿ ಬಂತು. ಇದರಲ್ಲಿ ಸತ್ಯವಿದೆ. ಆದರೆ ರೋಗಕ್ಕೆ ಮದ್ದು ಫ್ರೀ ಸೀಟನ್ನು ಅಂಕದ ಜೊತೆಗೆ ಆದಾಯಕ್ಕೂ ಜೋಡಿಸುವುದಾಗಿತ್ತು. ನಡೆದದ್ದು ಬೇರೆ.

2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠ ಟಿ. ಎಂ. ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರಕಾರದ ನಡುವಿನ ಪ್ರಕರಣದಲ್ಲಿ ತೀರ್ಪಿತ್ತಿತು. ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕಿನ ದೃಷ್ಟಿಯಿಂದ ನಮ್ಮ ಪತ್ರಿಕೆಗಳಲ್ಲಿ ಆಗ ಬಹಳ ಚರ್ಚೆಯಾದ ತೀರ್ಪು ಅದು. ಆದರೆ ವಿದ್ಯಾರ್ಥಿಯ ಜೇಬಿನ ದೃಷ್ಟಿಯಿಂದ ಮುಖ್ಯವಾದದ್ದು ಇನ್ನೊಂದು ಭಾಗ: ಉನ್ನಿಕೃಷ್ಣನ್ ವ್ಯವಸ್ಥೆ ರದ್ದಾಯಿತು. ಅನುದಾನ ಪಡೆಯದ ಖಾಸಗಿ ಸಂಸ್ಥೆಗಳು ತಮ್ಮ ಶುಲ್ಕವನ್ನು ತಾವೇ ನಿಗದಿಪಡಿಸಬಹುದು. ವಂತಿಗೆ, ಲಾಭಕೋರತನ ಕೂಡದು ಎಂದಷ್ಟೇ ಉಳಿಯಿತು. 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ ಪ್ರಕರಣ, ಅದೂ ಕರ್ನಾಟಕ ಸರಕಾರದ ವಿರುದ್ಧದ್ದೇ. ನಿವೃತ್ತ ನ್ಯಾಯಾಧೀಶರ ನೇತೃತ್ವದ ಶುಲ್ಕ ಸಮಿತಿಗಳು ಬಂದವು. 2005ರ ಇನಾಮ್‌ದಾರ್ ತೀರ್ಪು ಸರಕಾರ ತನ್ನ ಪಾಲಿನ ಸೀಟುಗಳನ್ನು ಒತ್ತಾಯದಿಂದ ಪಡೆಯುವಂತಿಲ್ಲ ಎಂದಿತು. ಅಂದಿನಿಂದ ಪ್ರತಿ ವರ್ಷ ಸರಕಾರ ಮತ್ತು ಖಾಸಗಿ ಕಾಲೇಜುಗಳ ಒಕ್ಕೂಟ ಮೇಜಿನ ಎರಡು ಬದಿಗಳಲ್ಲಿ ಕೂತು ಎಷ್ಟು ಸೀಟು, ಎಷ್ಟು ಶುಲ್ಕ ಎಂದು ಚೌಕಾಸಿ ಮಾಡುವುದು ರಾಜ್ಯದ ವಾರ್ಷಿಕ ಜಾತ್ರೆಯಂತಾಯಿತು. ಸರಕಾರಿ ಕೋಟಾ ಉಳಿಯಿತು. ಆದರೆ 'ಸರಕಾರಿ ಕಾಲೇಜಿನ ಶುಲ್ಕವೇ ಇಲ್ಲೂ' ಎಂಬ ಮಾತು ಹೋಯಿತು. ಡೀಮ್ಡ್ ವಿಶ್ವವಿದ್ಯಾನಿಲಯಗಳಂತೂ ಬೇರೆಯೇ ಲೋಕ.

ಈ ತೀರ್ಪಿಗೆ ಸುಮಾರು ಒಂದು ವರ್ಷ ಮೊದಲು, 2001ರಲ್ಲಿ, ಇನ್ನೊಂದು ಘಟನೆ ಸದ್ದಿಲ್ಲದೆ ನಡೆದಿತ್ತು. ಭಾರತೀಯ ಬ್ಯಾಂಕುಗಳ ಸಂಘ 'ಮಾದರಿ ಶಿಕ್ಷಣ ಸಾಲ ಯೋಜನೆ'ಯನ್ನು ಹೊರತಂದಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್. ಜೆ. ಕಾಮತ್. ಶಾಲೆ ಕಟ್ಟಿದ ವಕೀಲರೊಬ್ಬರು ಮಂಗಳೂರಿನಲ್ಲಿ ಹುಟ್ಟುಹಾಕಿದ, 1969ರಲ್ಲಿ ರಾಷ್ಟ್ರೀಕರಣಗೊಂಡ ಬ್ಯಾಂಕ್ ಇಡೀ ದೇಶದ ವಿದ್ಯಾರ್ಥಿಗಳ ಸಾಲಕ್ಕೆ ಅಚ್ಚು ಒದಗಿಸಿತು. ದೇಶದೊಳಗಿನ ಓದಿಗೆ 7.5 ಲಕ್ಷ, ವಿದೇಶಕ್ಕೆ 15 ಲಕ್ಷದ ವರೆಗೆ ಸಾಲ. 4 ಲಕ್ಷದ ತನಕ ಅಡಮಾನ ಬೇಡ. ಓದು ಮುಗಿದು ಒಂದು ವರ್ಷ ಅಥವಾ ಕೆಲಸ ಸಿಕ್ಕಿ ಆರು ತಿಂಗಳು, ಯಾವುದು ಮೊದಲೋ ಆಗ ಕಂತು ಆರಂಭ.

ಈ ಎರಡು ದಿನಾಂಕಗಳನ್ನು ನಾವು ಒಟ್ಟಿಗೆ ಓದಬೇಕು. 2001ರಲ್ಲಿ ಸಾಲ ಬಂತು, 2002ರಲ್ಲಿ ಫ್ರೀ ಸೀಟು ಹೋಯಿತು. ಇದರಲ್ಲಿ ಒಳಸಂಚು ಹುಡುಕುವ ಅಗತ್ಯವಿಲ್ಲ. ಗಾಳಿಯೇ ಹಾಗಿತ್ತು. ವಿಶ್ವವಿದ್ಯಾನಿಲಯಗಳು ತಮ್ಮ ಖರ್ಚಿನ ಒಂದು ಪಾಲನ್ನು ತಾವೇ ದುಡಿದುಕೊಳ್ಳಬೇಕೆಂದು 1993ರಲ್ಲಿ ಪುನ್ನಯ್ಯ ಸಮಿತಿ ಹೇಳಿತ್ತು. 2000ದಲ್ಲಿ ಪ್ರಧಾನಿಯ ಮಂಡಳಿಗೆ ಮುಕೇಶ್ ಅಂಬಾನಿ ಮತ್ತು ಕುಮಾರ್ ಮಂಗಲಮ್ ಬಿರ್ಲಾ ಸಲ್ಲಿಸಿದ ವರದಿ ಇನ್ನೂ ನೇರ: ಉನ್ನತ ಶಿಕ್ಷಣದ ವೆಚ್ಚವನ್ನು ಪಡೆಯುವವನೇ ಭರಿಸಲಿ, ಆಗದವರಿಗೆ ಸಾಲವಿರಲಿ, ಹಿಂದುಳಿದವರಿಗೆ ಅನುದಾನವಿರಲಿ. ಇವುಗಳಲ್ಲಿ ಸಾಲ ಬೇಗ ಬಂತು. ಅನುದಾನಕ್ಕೆ ಅಷ್ಟು ಅವಸರವಿರಲಿಲ್ಲ.

ವಿದ್ಯಾರ್ಥಿಗೆ ಸಾಲ ಕೊಡುವ ವಿಚಾರ ಅದಕ್ಕೂ ಹಳೆಯದು ಎಂಬುದನ್ನು ಇಲ್ಲಿ ಹೇಳಲೇಬೇಕು. 1963ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿ ವೇತನ ಯೋಜನೆಯನ್ನು ಆರಂಭಿಸಿತ್ತು. ಅದು ಬಡ್ಡಿರಹಿತ. ಓದಿ ಶಿಕ್ಷಕ ವೃತ್ತಿಗೆ ಸೇರಿದವರಿಗೆ ಸೇವೆಯ ವರ್ಷ ಕಳೆದಂತೆ ಸಾಲದ ಒಂದೊಂದು ಪಾಲು ಮನ್ನಾ. ವಸೂಲಿ ಸರಿಯಾಗಲಿಲ್ಲ ಎಂಬ ಕಾರಣಕ್ಕೆ ತೊಂಬತ್ತರ ದಶಕದಲ್ಲಿ ಅದು ನಿಂತಿತು. ಬಡ್ಡಿಯಿಲ್ಲದ ಸಾಲ ಎಂದರೆ ಮುಸ್ಲಿಮರ ಕನಸಿನ ಮಾತು ಎಂದು ಹಗುರವಾಗಿ ಕಾಣುವವರು, ಮೂರು ದಶಕಗಳ ಕಾಲ ಈ ದೇಶದ ಸರಕಾರವೇ ಅದನ್ನು ನಡೆಸಿದೆ ಎಂಬುದನ್ನು ಗಮನಿಸಬೇಕು.

ಹೊಸ ಸಾಲದಲ್ಲಿ ಹೊರೆ ಯಾರ ಹೆಗಲ ಮೇಲೆ? ಒಂದು ಸರಳ ಲೆಕ್ಕ ಮಾಡೋಣ. ನಾಲ್ಕು ವರ್ಷದ ಇಂಜಿನಿಯರಿಂಗ್‌ಗೆ ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ, ಶೇ. 10ರ ಬಡ್ಡಿ. ಓದಿನ ಅವಧಿಯ ಸರಳ ಬಡ್ಡಿ ಒಂದು ಲಕ್ಷ. ಆಮೇಲಿನ ಕಾಯುವ ವರ್ಷದ್ದು ನಲ್ವತ್ತು ಸಾವಿರ. ಮೊದಲ ಕಂತು ಕಟ್ಟುವ ದಿನ ಸಾಲ 5.4 ಲಕ್ಷವಾಗಿ ನಿಂತಿರುತ್ತದೆ. ಏಳು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 9,000 ರೂಪಾಯಿ. ಒಟ್ಟು ಕಟ್ಟುವುದು ಏಳೂವರೆ ಲಕ್ಷ. 2009-10ರಿಂದ ಕೇಂದ್ರ ಸರಕಾರ ವಾರ್ಷಿಕ 4.5 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ ಓದಿನ ಅವಧಿಯ ಬಡ್ಡಿಯನ್ನು ತಾನೇ ಕಟ್ಟುವ ಯೋಜನೆಯನ್ನು ತಂದಿತು. ಆಗ ಇದೇ ಸಾಲದ ಕಂತು 6,600ರ ಆಸುಪಾಸಿಗೆ ಇಳಿಯುತ್ತದೆ, ಒಟ್ಟು ಸುಮಾರು 5.6 ಲಕ್ಷ. ದೊಡ್ಡ ಉಪಕಾರವೇ. ಆದರೆ ಈ ಅರ್ಜಿಯ ವಿಷಯ ತಿಳಿಯದೆ, ಆದಾಯ ಪ್ರಮಾಣ ಪತ್ರ ಸಕಾಲಕ್ಕೆ ಕೊಡದೆ ಅದನ್ನು ಕಳಕೊಳ್ಳುವವರೂ ಮೊದಲ ತಲೆಮಾರಿನ ಮಕ್ಕಳೇ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಬ್ಯಾಂಕು ಸಾಲದ ಹಣವನ್ನು ನೇರವಾಗಿ ಕಾಲೇಜಿಗೆ ಕಳುಹಿಸುತ್ತದೆ. ವರ್ಷದ ಆರಂಭದಲ್ಲೇ ಕಾಲೇಜಿನ ಲೆಕ್ಕ ಚುಕ್ತಾ. ಹುಡುಗನಿಗೆ ಕೆಲಸ ಸಿಗಲಿ, ಬಿಡಲಿ, ಪಾಠ ಚೆನ್ನಾಗಿರಲಿ, ಇಲ್ಲದಿರಲಿ, ಕಾಲೇಜಿಗೆ ನಷ್ಟವಿಲ್ಲ. ಕೆಲಸ ಸಿಗದಿದ್ದರೆ ಸಾಲ ವಸೂಲಾಗದೆ ಉಳಿಯುವುದು ಬ್ಯಾಂಕಿನಲ್ಲಿ, ಹೆಸರು ಕೆಡುವುದು ಹುಡುಗನದು, ನೋಟೀಸು ಬರುವುದು ಜಾಮೀನು ನಿಂತ ಮಾವನಿಗೆ. ಬ್ಯಾಂಕು ಹೆಚ್ಚಾಗಿ ಸರಕಾರದ್ದು, ಅಂದರೆ ಕೊನೆಗೆ ಜನರದ್ದೇ ಹಣ. ವೆನ್ಲಾಕಿನ ಹಾಸಿಗೆಯಂತೆ ಇಲ್ಲೂ ಸಾರ್ವಜನಿಕ ಹಣ ಖಾಸಗಿ ಕಾಲೇಜನ್ನು ನಿಲ್ಲಿಸುತ್ತಿದೆ. ಆದರೆ ಫ್ರೀ ಸೀಟಿನ ಕಾಲದಲ್ಲಿ ಸಮಾಜ ಅದಕ್ಕೆ ಪ್ರತಿಯಾಗಿ ಅರ್ಧ ಸೀಟುಗಳನ್ನು ಕೇಳುತ್ತಿತ್ತು. ಈಗ ಏನನ್ನೂ ಕೇಳುವುದಿಲ್ಲ.

ನೆರವು ಸಾಲದ ರೂಪ ತಾಳಿದಾಗ ಅದು ಎಲ್ಲರಿಗೂ ಸಮಾನವಾಗಿ ಸಿಗುವುದೂ ಇಲ್ಲ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ 2006ರ ವರದಿಯ ಪ್ರಕಾರ ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ 25 ಪದವಿ ವಿದ್ಯಾರ್ಥಿಗಳಲ್ಲಿ ಒಬ್ಬ, 50 ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಮ್. ಅದೇ ವರದಿ ಮುಸ್ಲಿಮರು ಹೆಚ್ಚಿರುವ ಕೆಲವು ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ಸಾಲಕ್ಕೆ ಒಗ್ಗದ ವಲಯಗಳೆಂದು ಗುರುತಿಸಿಟ್ಟುದನ್ನೂ ದಾಖಲಿಸಿದೆ. ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಿ. ಸೀಟಿಗೂ ಓದುವವನಿಗೂ ನಡುವೆ ಬ್ಯಾಂಕ್ ಮ್ಯಾನೇಜರರ ಮೇಜು ಬಂದು ಕೂತಾಗ, ಆ ಮೇಜಿನ ಆಚೆ ಪರಿಚಯವಿಲ್ಲದವರು ಮೊದಲೇ ಹಿಂದೆ ಸರಿಯುತ್ತಾರೆ. ದಲಿತರಿಗೂ ಹಳ್ಳಿಯ ಸಣ್ಣ ರೈತರಿಗೂ ಇದು ಅಷ್ಟೇ ನಿಜ. ಮುಸ್ಲಿಮ್ ಮನೆಗಳಲ್ಲಿ ಇದರ ಜೊತೆಗೆ ಬಡ್ಡಿಯ ಪ್ರಶ್ನೆಯೂ ಇದೆ. ಅದನ್ನು ಬಗೆಹರಿಸುವುದು ವಿದ್ವಾಂಸರ ಕೆಲಸ, ನಮ್ಮದಲ್ಲ. ಆದರೆ ಆ ಅಳುಕಿನಿಂದಾಗಿ ಮಗನಿಗೆ ಡಿಪ್ಲೊಮಾ ಸಾಕು ಎಂದುಕೊಂಡ ತಂದೆಯ ಸಂಕಟ ಸುಳ್ಳಲ್ಲ. ಹೆಣ್ಣು ಮಕ್ಕಳ ವಿಷಯ ಇನ್ನೂ ನಾಜೂಕು. ಬ್ಯಾಂಕು ಅವಳಿಗೆ ಬಡ್ಡಿಯಲ್ಲಿ ರಿಯಾಯಿತಿ ಕೊಡುತ್ತದೆ. ಮನೆ ಕೇಳುವ ಪ್ರಶ್ನೆ ಬೇರೆ: ಮದುವೆಯಾದ ಮೇಲೆ ಕಂತು ಕಟ್ಟುವವರು ಯಾರು? ಸರಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿದ ಹುಡುಗಿಗೆ ಈ ಪ್ರಶ್ನೆ ಎದುರಾಗುವುದೇ ಇಲ್ಲ.

ಕರ್ನಾಟಕದಲ್ಲಿ ಈ ಕಂದರಕ್ಕೆ ಹಾಕಿದ ಸಣ್ಣ ಸೇತುವೆಯೆಂದರೆ 'ಅರಿವು' ಸಾಲ. 1986ರಲ್ಲಿ ಸ್ಥಾಪನೆಯಾದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವೃತ್ತಿಶಿಕ್ಷಣದ ವಿದ್ಯಾರ್ಥಿಗಳಿಗೆ ಶೇ. 2ರ ಸೇವಾ ಶುಲ್ಕದಲ್ಲಿ ಅದನ್ನು ಕೊಡುತ್ತ ಬಂದಿದೆ. ಮುಸ್ಲಿಮರಿಗಷ್ಟೇ ಅಲ್ಲ, ಕ್ರೈಸ್ತರು, ಜೈನರು, ಬೌದ್ಧರು, ಸಿಖ್ಖರಿಗೂ. ಕೇಂದ್ರದ ಬಾಗಿಲುಗಳು ಮಾತ್ರ ಒಂದೊಂದಾಗಿ ಮುಚ್ಚಿದವು. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಬಡ್ಡಿ ಭರಿಸುತ್ತಿದ್ದ 'ಪಢೋ ಪರದೇಸ್' ಮತ್ತು ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ಎರಡೂ 2022ರಲ್ಲಿ ನಿಂತವು.

ಇಷ್ಟನ್ನು ಓದಿ 'ಸರಕಾರಿ ಎಂದರೆ ಅಗ್ಗ, ಖಾಸಗಿ ಎಂದರೆ ಸಾಲ' ಎಂದು ಗೆರೆ ಎಳೆಯುವಂತೆಯೂ ಇಲ್ಲ. ಬೆಂಗಳೂರಿನ ಅಝೀಮ್ ಪ್ರೇಮ್‌ಜಿ ವಿಶ್ವವಿದ್ಯಾನಿಲಯ ಖಾಸಗಿಯೇ. 2010ರ ರಾಜ್ಯ ಕಾಯ್ದೆಯಿಂದ ಹುಟ್ಟಿದ್ದು. ಅಲ್ಲಿ ಕುಟುಂಬದ ಆದಾಯ ನೋಡಿ ಶುಲ್ಕ ರಿಯಾಯಿತಿ ಕೊಡುತ್ತಾರೆ, ಏಕೆಂದರೆ ಹಿಂದೆ ದತ್ತಿಯ ಬಲವಿದೆ. ಅದೇ ಬೆಂಗಳೂರಿನ ಐಐಎಂ ಸರಕಾರ ಕಟ್ಟಿದ ಸಂಸ್ಥೆ; ಅದರ ಎರಡು ವರ್ಷದ ಶುಲ್ಕ ಈಗ ಇಪ್ಪತ್ತು ಲಕ್ಷ ದಾಟಿದೆ. 2004ರಲ್ಲಿ ಅಂದಿನ ಕೇಂದ್ರ ಸಚಿವ ಮುರಳಿ ಮನೋಹರ್ ಜೋಶಿ ಐಐಎಂ ಶುಲ್ಕವನ್ನು ಒಂದೂವರೆ ಲಕ್ಷದಿಂದ ಮೂವತ್ತು ಸಾವಿರಕ್ಕೆ ಇಳಿಸಲು ಆಜ್ಞೆ ಹೊರಡಿಸಿದಾಗ ಎದುರಾದ ವಾದಗಳಲ್ಲಿ ಒಂದು, ಬ್ಯಾಂಕ್ ಸಾಲ ಸುಲಭವಾಗಿ ಸಿಗುವಾಗ ಶುಲ್ಕ ಇಳಿಸುವುದೇಕೆ ಎಂಬುದು. ಸರಕಾರ ಬದಲಾಗಿ ಆಜ್ಞೆ ಬಿದ್ದುಹೋಯಿತು. 2016ರಲ್ಲಿ ಐಐಟಿಗಳ ವಾರ್ಷಿಕ ಶುಲ್ಕ 90,000ದಿಂದ 2 ಲಕ್ಷಕ್ಕೆ ಏರಿತು. ಆದರೆ ಅದರ ಜೊತೆಗೆ ಪರಿಶಿಷ್ಟರಿಗೆ, ಅಂಗವಿಕಲರಿಗೆ, ಒಂದು ಲಕ್ಷದೊಳಗಿನ ಆದಾಯದವರಿಗೆ ಪೂರ್ಣ ಮನ್ನಾ, ಐದು ಲಕ್ಷದೊಳಗಿನವರಿಗೆ ಮೂರರಲ್ಲೆರಡು ಪಾಲು ಮನ್ನಾ ಇತ್ತು. ಉನ್ನಿಕೃಷ್ಣನ್ ವ್ಯವಸ್ಥೆಗೆ ಬೇಕಾಗಿದ್ದ ತಿದ್ದುಪಡಿ ಇಂಥದ್ದೇ.

ಈಗ ಸಾಲ ಸಂಸ್ಥೆಗಳ ಬಾಗಿಲಿಗೂ ಬಂದಿದೆ. 2017ರಲ್ಲಿ ಕೇಂದ್ರ ಸರಕಾರ ಉನ್ನತ ಶಿಕ್ಷಣ ಹಣಕಾಸು ಸಂಸ್ಥೆಯನ್ನು ಸ್ಥಾಪಿಸಿತು. ಹಿಂದೆ ಕಟ್ಟಡಕ್ಕೆ, ಪ್ರಯೋಗಾಲಯಕ್ಕೆ ಅನುದಾನ ಪಡೆಯುತ್ತಿದ್ದ ಸರಕಾರಿ ವಿದ್ಯಾಸಂಸ್ಥೆಗಳು ಈಗ ಇಲ್ಲಿಂದ ಸಾಲ ಪಡೆಯುತ್ತವೆ. ಯೋಜನೆಯ ಆರಂಭದಲ್ಲಿ ಬಡ್ಡಿಯನ್ನು ಸರಕಾರ ನೋಡಿಕೊಂಡರೂ ಅಸಲಿಗೆ ಅವು ಶುಲ್ಕ, ಸಂಶೋಧನೆಯ ಗಳಿಕೆ ಮೊದಲಾದ ಸ್ವಂತ ಆದಾಯವನ್ನೇ ತೋರಿಸಬೇಕಾಗಿತ್ತು. ಸ್ವಂತ ಆದಾಯ ಹೆಚ್ಚಿಸುವ ದಾರಿಗಳಲ್ಲಿ ಅತಿ ಸುಲಭವಾದದ್ದು ಯಾವುದೆಂದು ಹೇಳಬೇಕಾಗಿಲ್ಲ. ಈ ಸಂಸ್ಥೆಯಲ್ಲಿ ಕೇಂದ್ರದ ಪಾಲುದಾರ ಯಾರು? ಮತ್ತೆ ಕೆನರಾ ಬ್ಯಾಂಕ್. ಆ ಹೊತ್ತಿಗೆ ಕರಾವಳಿಯ ಹಳೆಯ ಬ್ಯಾಂಕುಗಳ ಆಟ ಮುಗಿಯುತ್ತ ಬಂದಿತ್ತು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಕರಗಿತು. 2020ರ ಏಪ್ರಿಲ್ ಒಂದರಂದು ಪಿಗ್ಮಿಯ ಸಿಂಡಿಕೇಟ್ ಕೆನರಾದಲ್ಲಿ, ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಪಿಎಂ ವಿದ್ಯಾಲಕ್ಷ್ಮಿ' ಯೋಜನೆಗೆ ಒಪ್ಪಿಗೆ ನೀಡಿತು. ಅಡಮಾನ ಬೇಡ, ಜಾಮೀನುದಾರ ಬೇಡ. ಎಂಟು ಲಕ್ಷದೊಳಗಿನ ಆದಾಯದ ಕುಟುಂಬಗಳಿಂದ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಹತ್ತು ಲಕ್ಷದ ವರೆಗಿನ ಸಾಲದಲ್ಲಿ ಶೇ. 3ರ ಬಡ್ಡಿ ರಿಯಾಯಿತಿ. ಮಾವನನ್ನು ಜಾಮೀನಿಗೆ ನಿಲ್ಲಿಸುವ ಕಷ್ಟ ತಪ್ಪಿತೆಂದು ಸಂತೋಷಪಡಬೇಕಾದದ್ದೇ. ಆದರೆ ಯೋಜನೆ ಆರಂಭದಲ್ಲಿ ಅನ್ವಯವಾದದ್ದು ರಾಷ್ಟ್ರೀಯ ರ‍್ಯಾಂಕಿಂಗ್ ಆಧಾರದಲ್ಲಿ ಆಯ್ದ 860 ಸಂಸ್ಥೆಗಳಿಗೆ ಮಾತ್ರ. ಪಟ್ಟಿಯಲ್ಲಿರುವ ದೊಡ್ಡ ಹೆಸರುಗಳ ಕಾಲೇಜುಗಳಿಗೆ ಸೇರಬಲ್ಲವನಿಗೆ ಬ್ಯಾಂಕುಗಳು ಹಿಂದೆಯೂ ಸಾಲ ನಿರಾಕರಿಸಿದ್ದು ಕಡಿಮೆ. ಸಿಇಟಿಯ ಉದ್ದನೆಯ ಪಟ್ಟಿಯ ಮಧ್ಯದಲ್ಲೆಲ್ಲೋ ಹೆಸರಿದ್ದು, ತಾಲೂಕು ಕೇಂದ್ರದ ಆಚೆ ಗುಡ್ಡದ ಮೇಲೆ ಎದ್ದ, ರ‍್ಯಾಂಕಿಂಗಿನಲ್ಲಿ ಸುಳಿವೇ ಇಲ್ಲದ ಇಂಜಿನಿಯರಿಂಗ್ ಅಥವಾ ನರ್ಸಿಂಗ್ ಕಾಲೇಜಿಗೆ ಸೇರುವ ಹುಡುಗಿಗೆ ಹಳೆಯ ನಿಯಮಗಳೇ ಅನ್ವಯ. ಅವಳ ತಾಯಿ ಆ ವಾರವೂ ಸಹಕಾರಿ ಸೊಸೈಟಿಯ ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತು ಬಳೆಯ ತೂಕ ಆಗುವುದನ್ನು ಕಾಯುತ್ತಿರುತ್ತಾಳೆ, ಮತ್ತು ಆ ಸಾಲ ವಿದ್ಯಾರ್ಥಿ ಸಾಲದ ಯಾವ ಅಂಕಿಅಂಶದಲ್ಲೂ ಸೇರುವುದಿಲ್ಲ.